ಆನೆ ಇಲ್ಲದ ದಿನದ ಸುದ್ದಿ

ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ನೆರಿಗೆಯ ಕೆಳಗೆ ಮೊಣಕಾಲಿನವರೆಗೆ ಕಪ್ಪು ಗಂಬೂಟು. ಬೂಟು ಗಂಡಸರ ಅಳತೆಯದು, ನಡೆದರೆ ಒಳಗೆ ಪಾದ ಜಾರಿ ಚಪ್ ಚಪ್ ಎಂದು ಸದ್ದಾಗುತ್ತಿತ್ತು. ಜಿಗಣೆ ಹತ್ತದಿರಲೆಂದು ಬೂಟಿನ ಅಂಚಿಗೆ ಹೊಗೆಸೊಪ್ಪು, ಸುಣ್ಣ ಕಲಸಿ ಬಳಿದುಕೊಂಡಿರುತ್ತಿದ್ದರು. ಕೊರಳಲ್ಲಿ ಒಂದು ಕಪ್ಪು ದಾರ, ದಾರದ ತುದಿಯಲ್ಲಿ ಹೆಬ್ಬೆರಳಿನುದ್ದದ ಪ್ಲಾಸ್ಟಿಕ್ ತುಂಡು. ನಾನು ಬಹಳ ದಿನ ಅದನ್ನು ತಾಯಿತವೆಂದೇ ನಂಬಿದ್ದೆ. ಅದು ಕಂಪ್ಯೂಟರಿನ ಕೀಲಿ ಎಂದು ಗೊತ್ತಾದದ್ದು ಆಮೇಲೆ. ಆ ಕೀಲಿಯನ್ನು ಚುಚ್ಚದೆ ಬರೀ ಪಾಸ್‌ವರ್ಡ್ ಹೊಡೆದರೆ ನಮ್ಮ ಸರ್ವರ್ ಅವರನ್ನೂ ಒಳಗೆ ಬಿಡುತ್ತಿರಲಿಲ್ಲ. ಹಾಗೆ ಮಾಡಿಟ್ಟವರು ಅವರೇ.

ನಾವೆಲ್ಲ ಅವರನ್ನು ಮಿಸ್ಸು ಎನ್ನುತ್ತಿದ್ದೆವು. ಕುಶಾಲನಗರದ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಕಂಪ್ಯೂಟರ್ ನೆಟ್‌ವರ್ಕಿನ ಪಾಠ ಹೇಳಿ ನಿವೃತ್ತರಾದವರು. ಹುಟ್ಟೂರು ಶಿರಂಗಾಲ. ಅಲ್ಲಿ ಅಣ್ಣಂದಿರು ಈಗಲೂ ಭತ್ತ, ಶುಂಠಿ ಬೆಳೆಯುತ್ತಾರೆ. ಮಿಸ್ಸು ಮದುವೆಯಾಗಿರಲಿಲ್ಲ. ತಂಗಿ ಅಮ್ಮತ್ತಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರಿಂದ ಅವರ ಜೊತೆ ಇರಲು ಬಂದಿದ್ದರು. "ರಿಟೈರ್ ಆದ್ಮೇಲೆ ನಿದ್ದೆ ಮಾಡನ ಅಂತ ಬಂದೆ ಕಣ್ರೀ, ನೀವೆಲ್ಲ ಸೇರಿ ಆನೆ ಕೊಟ್ರಿ" ಎಂದು ನಮ್ಮನ್ನು ಹಂಗಿಸುತ್ತಿದ್ದರು. ಹಂಗಿಸುವಾಗಲೂ ಅವರ ಕಣ್ಣು ನಿದ್ದೆಗೆಟ್ಟೇ ಇರುತ್ತಿತ್ತು.

ನಾನು ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್. ಅಂದರೆ ಆಳುಗಳ ಹಾಜರಿ ಹಿಡಿಯುವವನು, ಗೊಬ್ಬರದ ಚೀಲ ಇಳಿಸಿಕೊಳ್ಳುವವನು, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ತೂಕ ನೋಡುವವನು, ಧಣಿಗಳಿಂದಲೂ, ಲೈನ್ ಎನ್ನುವ ಸಾಲುಮನೆಗಳಲ್ಲಿರುವ ಆಳುಗಳಿಂದಲೂ ಒಂದೇ ದಿನ ಬೈಸಿಕೊಳ್ಳುವವನು. ಸಾಲದ್ದಕ್ಕೆ ಆನೆ. ನಮ್ಮ ಕಡೆ ಆನೆಗಳು ಕಾಡಿಗೆ ಹೋಗಿ ಬರುವುದನ್ನು ಬಿಟ್ಟು ತೋಟದಲ್ಲೇ ಸಂಸಾರ ಹೂಡಿವೆ. ಹಗಲು ಕಾಫಿ ಗಿಡದ ನಡುವೆ ಮಲಗುತ್ತವೆ, ಮುಂಜಾನೆ ಮತ್ತು ಸಂಜೆ ರಸ್ತೆ ದಾಟುತ್ತವೆ. ನಮಗೂ ಸಾಕಾಗಿದೆ, ಅವಕ್ಕೂ ಸಾಕಾಗಿರಬೇಕು. ಕೆಲಸಕ್ಕೆ ಹೊರಟವರು ಆನೆಯ ಕಾಲಿಗೆ ಸಿಕ್ಕ ಸುದ್ದಿ ನಮ್ಮಲ್ಲಿ ಹೊಸದಲ್ಲ. ಅದಕ್ಕೇ ಸುತ್ತಿನ ಕೆಲವು ಎಸ್ಟೇಟುಗಳು ಸೇರಿ ಒಂದು ಕೂಟ ಮಾಡಿಕೊಂಡು, ಆನೆಗಳ ಹಿಂದೆ ತಿರುಗಲು ಒಬ್ಬ ಟ್ರ್ಯಾಕರನನ್ನು ಇಟ್ಟುಕೊಂಡವು. ಟ್ರ್ಯಾಕರ್ ಬೆಳಕು ಹರಿಯುವ ಮೊದಲೇ ಲದ್ದಿ, ಹೆಜ್ಜೆ ನೋಡಿಕೊಂಡು ಆನೆ ತೋಟದ ಯಾವ ಬ್ಲಾಕಿನಲ್ಲಿದೆ ಎಂದು ತಿಳಿಸುತ್ತಾನೆ. ಕೂಡಲೇ ಆ ಸುದ್ದಿ ಮೆಸೇಜಾಗಿ ಲೈನಿನವರ ಫೋನಿಗೆ, ಶಾಲೆಯ ವ್ಯಾನಿನವರಿಗೆ, ಹಾಲಿನ ಗಾಡಿಯವರಿಗೆ ಹೋಗಬೇಕು. ಆ ನಡುವಿನ ದಾರಿಯನ್ನು ಕಟ್ಟಿಕೊಟ್ಟವರು ಮಿಸ್ಸು. ಸಂಬಳ ಬೇಡವೆಂದರು. ಚಾ ಚೆನ್ನಾಗಿರಬೇಕು ಎಂದರು. ಚಾ ಕೊನೆಯವರೆಗೂ ಚೆನ್ನಾಗಿರಲಿಲ್ಲ.

ಕೂಟಕ್ಕೆ ಆಫೀಸೆಂದು ಸಿಕ್ಕಿದ್ದು ಹಳೆಯ ಕಾಫಿ ಗೋಡೌನಿನ ಒಂದು ಕೋಣೆ. ಮಿಸ್ಸು ಮೊದಲ ಪಾಠ ಮಾಡಿದ್ದು ಅಲ್ಲಿಯೇ. ಎಸ್ಟೇಟುಗಳ ರೈಟರುಗಳು, ಟ್ರ್ಯಾಕರ್, ಕೂಟದ ಅಧ್ಯಕ್ಷರಾದ ಒಬ್ಬ ಎಸ್ಟೇಟ್ ಧಣಿ, ಇಷ್ಟೇ ಜನ. ಎಲ್ಲರೂ ಆಗಲೇ ಒಂದು ದಿನದ ಕೆಲಸ ಮುಗಿಸಿ ಬಂದವರು, ಅರ್ಧ ಜನ ಆಕಳಿಸುತ್ತಿದ್ದೆವು. ನಮ್ಮ ಸುದ್ದಿಯೆಲ್ಲ ಕ್ಲೌಡಿನಲ್ಲಿ ಇರುತ್ತದೆ ಎಂದು ಅಧ್ಯಕ್ಷರು ಗತ್ತಿನಿಂದ ಹೇಳಿದಾಗ ಮಿಸ್ಸು ತಡೆದರು.

"ಕ್ಲೌಡು ಅಂದ್ರೆ ಮೇಲೆ ನೋಡ್ಬೇಡಿ. ಎಲ್ಲೋ ಒಂದು ದೊಡ್ಡ ಕಟ್ಟಡ, ಅದ್ರಲ್ಲಿ ಬೇರೆಯವ್ರ ಕಂಪ್ಯೂಟರು. ಅದರಲ್ಲಿ ಒಂದು ಮೂಲೆ ನಾವು ಬಾಡಿಗೆಗೆ ತಗೊಂಡಿದೀವಿ. ಕಟ್ಟಡ ಕಾಯೋದು, ಕರೆಂಟು ನೋಡ್ಕಳದು ಅವ್ರ ಜವಾಬ್ದಾರಿ. ನಮ್ಮ ಕೋಣೆಗೆ ಚಿಲಕ ಹಾಕೋದು ನಮ್ಮ ಜವಾಬ್ದಾರಿ. ನಾವು ತೆರೆದಿಟ್ಟು ಬಂದ್ರೆ ಅವ್ರು ಬಂದು ಮುಚ್ಚಲ್ಲ."

ಆಮೇಲೆ ಬೋರ್ಡಿನ ಮೇಲೆ ಒಂದು ಚೌಕ ಎಳೆದರು. ಇದು ನಮ್ಮ ನೆಟ್‌ವರ್ಕು, ಸುತ್ತ ಗೋಡೆ. ಚೌಕದ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದರು. ಒಂದು ಭಾಗ ಹೊರಗಿನವರ ಜೊತೆ ಮಾತಾಡುವುದು, ಟ್ರ್ಯಾಕರಿನ ಸುದ್ದಿ ತೆಗೆದುಕೊಂಡು ಮೆಸೇಜು ಕಳಿಸುವುದು. ಇನ್ನೊಂದು ಭಾಗಕ್ಕೆ ಹೊರಗಿನಿಂದ ದಾರಿಯೇ ಇಲ್ಲ. ಲೈನಿನ ಹೆಂಗಸರ ಫೋನ್ ನಂಬರುಗಳು, ಆನೆಗಳು ದಿನದಿನ ಇದ್ದ ಜಾಗಗಳು ಇರುವುದು ಅಲ್ಲಿ. ಮುಂದಿನ ಭಾಗ ಕೇಳಿದರೆ ಮಾತ್ರ ಅದು ಉತ್ತರ ಕೊಡುತ್ತದೆ. ಆನೆಯ ಜಾಗ ಗುಟ್ಟಾಗಿ ಇಡುವುದು ಯಾಕೆ, ಎಲ್ಲರಿಗೂ ಗೊತ್ತಾಗಲೆಂದೇ ಅಲ್ಲವೇ ಇದೆಲ್ಲ ಮಾಡಿದ್ದು ಎಂದು ನಾನು ಕೇಳಿದೆ.

"ಆನೆ ಎಲ್ಲಿದೆ ಅಂತ ಗೊತ್ತಾದ್ರೆ ಓಡಿ ಹೋಗೋರು ಕೆಲವ್ರು, ಓಡಿ ಬರೋರು ಕೆಲವ್ರು ರೈಟ್ರೇ" ಎಂದರು. ಕೊಂಬಿನ ಮೇಲೆ ಕಣ್ಣಿಟ್ಟವರು, ಜೀಪಿನಲ್ಲಿ ಬಂದು ವಿಡಿಯೋ ಮಾಡುವವರು, ಇವರೆಲ್ಲ ನಮಗೇನು ಹೊಸಬರೇ.

ಮೂರನೆಯದು ಬಾಗಿಲ ಮೇಲಿನ ನಿಯಮ. ಯಾರು, ಎಲ್ಲಿಂದ, ಯಾವ ಬಾಗಿಲಿನಿಂದ ಬರಬಹುದು ಎಂದು ಬರೆದಿಟ್ಟರೆ ಅಷ್ಟು ಜನಕ್ಕೆ ಮಾತ್ರ ದಾರಿ, ಉಳಿದ ಎಲ್ಲರಿಗೂ ಇಲ್ಲ. ನಮ್ಮ ಆಫೀಸಿನ ಇಂಟರ್‌ನೆಟ್ ಲೈನಿಗೆ ಒಂದು ವಿಳಾಸ ಇದೆಯಂತೆ. ಆ ವಿಳಾಸದಿಂದ ಬಂದರೆ ಮಾತ್ರ ಸರ್ವರಿನ ಒಳಬಾಗಿಲು ತೆರೆಯುತ್ತದೆ. ಅದೇ ದಿನ ಅವರು ಇನ್ನೊಂದನ್ನು ತೋರಿಸಿದರು. ನಮ್ಮ ಬಾಗಿಲನ್ನು ಯಾರ್ಯಾರು ತಟ್ಟಿದರು ಎಂಬ ಲೆಕ್ಕ ಪರದೆಯ ಮೇಲೆ ಸರಸರ ಓಡುತ್ತಿತ್ತು. ಎಲ್ಲೆಲ್ಲಿಯದೋ ದೇಶಗಳಿಂದ ಯಂತ್ರಗಳು ಬಂದು ತಟ್ಟಿ, ತೆರೆಯದಿದ್ದರೆ ಮುಂದೆ ಹೋಗುತ್ತಿದ್ದವು. ಅಮ್ಮತ್ತಿಯ ಹೆಸರೇ ಕೇಳದವರಿಗೆ ನಮ್ಮ ಹತ್ತಿರ ಏನು ಕೆಲಸ ಎಂದೆ. ಮಿಸ್ಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅವ್ರಿಗೆ ಅಮ್ಮತ್ತಿ ಬೇಡ. ತೆರೆದಿರೋ ಬಾಗಿಲು ಬೇಕು, ಯಾರದಾದ್ರೂ ಸರಿ."

ಅಧ್ಯಕ್ಷರಿಗೆ ಇದೆಲ್ಲ ರಗಳೆ. ಒಳ್ಳೆಯ ಮನುಷ್ಯ, ಆದರೆ ತಾಳ್ಮೆ ಇಲ್ಲ. "ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟು ಬಿಡಿ ಮಿಸ್, ಗೋಡೆ ಮೇಲೆ ಬರೆದು ಹಾಕುವಾ. ಎಂತ ಇಷ್ಟು ಕಷ್ಟ?" ಎಂದರು. ಮಿಸ್ಸು ಅವರನ್ನೇ ನೋಡಿ, "ನಿಮ್ಮ ಕೋವಿ ಎಲ್ಲಿಡ್ತೀರಿ ಸರ್?" ಎಂದು ಕೇಳಿದರು. ಕಪಾಟಿನಲ್ಲಿ, ಬೀಗ ಹಾಕಿ ಎಂದರು ಅಧ್ಯಕ್ಷರು. ಕೀಲಿ ಎಷ್ಟು ಜನರ ಕೈಯಲ್ಲಿದೆ? ನನ್ನೊಬ್ಬನದೇ ಎಂದರು. ಮಿಸ್ಸು ಬೋರ್ಡ್ ಒರೆಸಿದರು. ಎಲ್ಲರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಕೀಲಿ ಬಂತು. ಯಾರಿಗೆ ಯಾವ ಕೆಲಸವೋ ಅಷ್ಟಕ್ಕೆ ಮಾತ್ರ ಅನುಮತಿ. ನನಗೆ ಫೋನ್ ನಂಬರ್ ಸೇರಿಸಲು ತೆಗೆಯಲು ಅನುಮತಿ ಇತ್ತು, ನಿಯಮ ಬದಲಾಯಿಸಲು ಇರಲಿಲ್ಲ. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಒಂದು ದಿನ ಮುಖ ಊದಿಸಿಕೊಂಡು ಕೇಳಿದೆ. "ನಂಬಿಕೆ ಇದೆ. ನಿಮಗೆ ಸುಸ್ತಾಗೋದೂ ಗೊತ್ತು" ಎಂದರು.

ಒಮ್ಮೆ ನಮ್ಮ ಎಸ್ಟೇಟಿನ ಆನೆ ಕಂದಕ ನೋಡಬೇಕೆಂದು ಬಂದರು. ಕಾಡಿನ ಅಂಚಿನಲ್ಲಿ ಆಳೆತ್ತರ ಅಗೆದ ಕಂದಕ ಅದು. ಗಂಬೂಟು ಚಪ್ ಚಪ್ ಎನ್ನಿಸುತ್ತ ಉದ್ದಕ್ಕೂ ನಡೆದವರು ಒಂದು ಕಡೆ ನಿಂತುಬಿಟ್ಟರು. ಅಲ್ಲಿ ಕಂದಕಕ್ಕೆ ಮಣ್ಣು ತುಂಬಿ, ಮೇಲೆ ಹಲಗೆ ಹಾಕಿ, ಎತ್ತಿನ ಗಾಡಿಯೇ ಹೋಗುವಷ್ಟು ದಾರಿ ಮಾಡಿತ್ತು.

"ಇದನ್ನ ಆನೆ ಮುಚ್ಚಿದ್ದಾ?"

"ನಾವೇ ಮುಚ್ಚಿದ್ದು ಮಿಸ್" ಎಂದೆ. ಬಸ್ಸಿನ ರಸ್ತೆಗೆ ಸುತ್ತಿಕೊಂಡು ಹೋಗಬೇಕಲ್ಲ, ಸೌದೆ ತರುವವರಿಗೂ ದೂರ. ಮಳೆಗಾಲ ಮುಗಿದ ಮೇಲೆ ತೆಗೆಯುವಾ ಎಂದು ಮಾಡಿದ್ದು, ಹಾಗೇ ಉಳಿಯಿತು. ಆನೆಗಳೂ ಅದರಲ್ಲೇ ಓಡಾಡುತ್ತಿದ್ದವು, ಹೆಜ್ಜೆ ಕಾಣುತ್ತಿತ್ತು. ಮಿಸ್ಸು ನಗಬಹುದೆಂದುಕೊಂಡೆ. ನಗಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, ಉಸಿರು ಸುಧಾರಿಸಿಕೊಳ್ಳುತ್ತ, ಎಲ್ಲ ಕಡೆಯೂ ಇದೇ ಕಥೆ ಎಂದರು. ಆಗಲೇ ಅವರಿಗೆ ಏದುಸಿರು ಶುರುವಾಗಿತ್ತು. ಶ್ವಾಸಕೋಶದ ತೊಂದರೆ, ಮೈಸೂರಿನಲ್ಲಿ ತೋರಿಸುತ್ತಿದ್ದಾರೆ ಎಂದು ತಂಗಿ ಹೇಳಿ ಗೊತ್ತಾಯಿತು. ಅವರು ಹೇಳಲಿಲ್ಲ.

ಇನ್ನು ಹೇಳಬೇಕಾದದ್ದು ಕಕ್ಕಡದ, ಅಂದರೆ ನಮ್ಮ ಕಡೆಯ ಆಷಾಢದ, ಮಳೆಯ ಸಂಗತಿ. ಆ ಮಳೆಯಲ್ಲಿ ನಮ್ಮಲ್ಲಿ ಏನು ನಿಲ್ಲುತ್ತದೆ, ಏನು ಬೀಳುತ್ತದೆ ಹೇಳಲಾಗದು. ಮರ ಬಿದ್ದು ಆಫೀಸಿನ ಇಂಟರ್‌ನೆಟ್ ತಂತಿ ಹೋಯಿತು. ತಂತಿ ಸರಿಮಾಡುವವರು ನಾಳೆ ಎನ್ನುವುದು, ನಾಳೆ ಬಂದು ಇನ್ನೊಂದು ಮರ ಬಿದ್ದಿದೆ ಎನ್ನುವುದು, ಹೀಗೇ ನಡೆಯಿತು. ಅದುವರೆಗೆ ಆಫೀಸಿಗೆ ಬಂದು ಸುದ್ದಿ ಹಾಕುತ್ತಿದ್ದ ಟ್ರ್ಯಾಕರ್ ಈಗ ಫೋನಿನ ನೆಟ್ಟಿನಿಂದ ಹಾಕಬೇಕಾಯಿತು. ಅದಕ್ಕೂ ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಬಂಡೆಯ ಹತ್ತಿರ ಮಾತ್ರ. ಫೋನಿನ ನೆಟ್ಟಿಗೆ ಸ್ಥಿರವಾದ ವಿಳಾಸವಿಲ್ಲ, ಇವತ್ತೊಂದು, ನಾಳೆ ಇನ್ನೊಂದು. ಬಾಗಿಲ ನಿಯಮಕ್ಕೆ ಅವನು ಪರಕೀಯ. ಹಾಗಾಗಿ ದಿನಾ ಮುಂಜಾನೆ ಟ್ರ್ಯಾಕರ್ ಬಂಡೆಯ ಮೇಲಿನಿಂದ ಫೋನ್ ಮಾಡುವುದು, ಮಿಸ್ಸು ಎದ್ದು ಆ ದಿನದ ವಿಳಾಸಕ್ಕೆ ಮಾತ್ರ ಬಾಗಿಲು ತೆರೆಯುವುದು, ಸಂಜೆ ಮುಚ್ಚುವುದು. ನಿಯಮ ಬರೆಯುವ ಜಾಗ ಸರ್ವರಿನ ಹೊರಗೆ, ಕಟ್ಟಡದವರ ಹತ್ತಿರ ಇದ್ದದ್ದರಿಂದ ಮಿಸ್ಸು ಕೊರಳ ಕೀಲಿಯನ್ನು ಫೋನಿಗೆ ಚುಚ್ಚಿ ಎಲ್ಲಿದ್ದರೂ ಅದನ್ನು ಬದಲಾಯಿಸಬಹುದಿತ್ತು.

ಇದಕ್ಕೆ ಒಳ್ಳೆಯ ಉಪಾಯ ಇತ್ತು. ಪ್ರತಿಯೊಬ್ಬರ ಫೋನೂ ಮೊದಲು ತನ್ನ ಗುರುತು ತೋರಿಸಿ, ಆಮೇಲೆ ಯಾರಿಗೂ ಕಾಣದ ಒಂದು ಸುರಂಗದೊಳಗಿನಿಂದ ಸರ್ವರಿಗೆ ಹೋಗುವ ವ್ಯವಸ್ಥೆ. ವಿಳಾಸ ಯಾವುದಾದರೂ ಚಿಂತೆಯಿಲ್ಲ. ಮಿಸ್ಸು ಬೇಸಿಗೆಯಲ್ಲೇ ಅದನ್ನು ಮಾಡುವಾ ಎಂದಿದ್ದರು. ಮುಂದಿನ ಮೀಟಿಂಗಿಗೆ ಇಡೋಣ ಎಂದು ಕೂಟ ಹೇಳಿತ್ತು. ಮುಂದಿನ ಮೀಟಿಂಗಿನ ದಿನ ಮದುವೆ ಇತ್ತು, ಅದರ ಮುಂದಿನದಕ್ಕೆ ಮಳೆ ಬಂತು.

ಒಂದು ಮುಂಜಾನೆ ಟ್ರ್ಯಾಕರ್ ಫೋನ್ ಮಾಡಿದಾಗ ಮಿಸ್ಸು ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲಿದ್ದರು. ಬಂಡೆಯ ಮೇಲೆ ಸಿಗ್ನಲ್ ಬಂದು ಹೋಗಿ ಆಟವಾಡುತ್ತಿತ್ತಂತೆ, ವಿಳಾಸ ಬದಲಾಗುತ್ತಲೇ ಇತ್ತು. ಮಿಸ್ಸು ಒಂದು ಸಲ ತೆರೆದರು, ಆಗಲಿಲ್ಲ. ಇನ್ನೊಂದು ಸಲ ತೆರೆದರು, ಆಗಲಿಲ್ಲ. ಒಳಗಿನಿಂದ ನರ್ಸು ಹೆಸರು ಕೂಗಿದಳು. ಅತ್ತ ಆನೆಯ ಹಿಂಡು ಶಾಲೆಯ ವ್ಯಾನಿನ ದಾರಿಯಲ್ಲಿ. "ಇವತ್ತೊಂದು ದಿನ" ಎಂದು ಮಿಸ್ಸು ಎಲ್ಲಿಂದ ಬಂದರೂ ಬಿಡು ಎಂಬ ನಿಯಮ ಹಾಕಿ, ಫೋನನ್ನು ತಂಗಿಯ ಕೈಗೆ ಕೊಟ್ಟು ಒಳಗೆ ಹೋದರು. ಮೆಸೇಜು ಹೋಯಿತು, ವ್ಯಾನು ನಿಂತಿತು. ಮಿಸ್ಸನ್ನು ಆಸ್ಪತ್ರೆಯವರು ಅಲ್ಲೇ ಉಳಿಸಿಕೊಂಡರು. ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಮಲಗಿದವರಿಗೆ ಅಂದು ಸಂಜೆ ಬಾಗಿಲು ಮುಚ್ಚುವ ನೆನಪು ಹೇಗೆ ಬರಬೇಕು. ಟ್ರ್ಯಾಕರಿಗೆ ಮರುದಿನದಿಂದ ಸಲೀಸಾಗಿ ಒಳಗೆ ಹೋಗಲು ಆಗುತ್ತಿತ್ತು. ಮಿಸ್ಸು ಏನೋ ಸರಿಮಾಡಿದ್ದಾರೆ ಎಂದುಕೊಂಡು ಅವನೂ ನೆಮ್ಮದಿಯಿಂದ ಇದ್ದ.

ದಿನಾ ತಟ್ಟುತ್ತಿದ್ದ ಯಂತ್ರಗಳಲ್ಲಿ ಒಂದಕ್ಕೆ ಬಾಗಿಲು ಸಿಕ್ಕಿತು. ಒಳಗೆ ಹಳೆಯದೊಂದು ಹೆಸರಿಗೆ ಸುಲಭದ ಪಾಸ್‌ವರ್ಡ್ ಇತ್ತು. ಕೂಟದ ಶುರುವಿನಲ್ಲಿ, ಕೀಲಿಗಳು ಬರುವ ಮೊದಲು, ಯಾರೋ ಪರೀಕ್ಷೆಗೆಂದು ಮಾಡಿ ಮರೆತದ್ದು. ಬಂದವನಿಗೆ ನಮ್ಮ ಆನೆಯೂ ಬೇಡ, ಫೋನ್ ನಂಬರೂ ಬೇಡ. ಅವು ಇದ್ದ ಹಿಂದಿನ ಭಾಗ ಗಟ್ಟಿಯಾಗಿಯೇ ಉಳಿದಿತ್ತು. ಅವನು ತನ್ನದೇನೋ ಕೆಲಸ ಮಾಡಿಸಿಕೊಳ್ಳಲು ನಮ್ಮ ಸರ್ವರಿನ ಶಕ್ತಿಯನ್ನೆಲ್ಲ ಹೀರಿದ. ಮೆಸೇಜು ಕಳಿಸುವ ಕೆಲಸ ಸದ್ದಿಲ್ಲದೆ ಕೂತುಹೋಯಿತು. ಟ್ರ್ಯಾಕರ್ ಸುದ್ದಿ ಹಾಕಿದ, ಸರ್ವರ್ ತೆಗೆದುಕೊಂಡಿತು, ಹೊರಗೆ ಹೋಗಲಿಲ್ಲ.

ಆ ಬೆಳಿಗ್ಗೆ ನಮ್ಮ ಲೈನಿನ ಅಕ್ಕ ಒಬ್ಬಳು ಕಳೆ ತೆಗೆಯಲು ಕೆಳಗಿನ ಬ್ಲಾಕಿಗೆ ಹೊರಟಿದ್ದಳು. ತಮಿಳಿನವಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ ಲೈನಿನಲ್ಲಿ. ಫೋನ್ ನೋಡಿದ್ದಾಳೆ, ಏನೂ ಬಂದಿಲ್ಲ. ಹಲಸಿನ ಮರದ ತಿರುವಿನಲ್ಲಿ ಆನೆ ಇತ್ತು. ಸೊಂಡಿಲಿನಲ್ಲಿ ಒಮ್ಮೆ ಬೀಸಿತಂತೆ. ಬಿದ್ದವಳು ಕಾಫಿ ಸಾಲಿನ ನಡುವಿನ ಚರಂಡಿಗೆ ಉರುಳಿದ್ದರಿಂದ ಉಳಿದಳು. ತೊಡೆಯ ಮೂಳೆ ಮುರಿಯಿತು. ಜೀಪಿನಲ್ಲಿ ಅವಳ ತಲೆ ನನ್ನ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಒಂದೇ ಮಾತು, "ಮೆಸೇಜು ಬರ್ಲಿಲ್ಲ ರೈಟ್ರೇ. ಬರ್ಲಿಲ್ಲ, ಅದುಕ್ಕೇ ಹೋದೆ."

ಮಿಸ್ಸು ಆಸ್ಪತ್ರೆಯಿಂದ ಹಠ ಮಾಡಿ ಬಿಡಿಸಿಕೊಂಡು ಬಂದರು. ಪರದೆಯ ಮುಂದೆ ಕೂತು, ಬಾಗಿಲು ತಟ್ಟಿದವರ ಲೆಕ್ಕ ಹಿಂದಕ್ಕೆ ಹಿಂದಕ್ಕೆ ಓಡಿಸಿ, ಒಂದು ಕಡೆ ಬೆರಳಿಟ್ಟರು. ತಮ್ಮದೇ ಹೆಸರು, ತಾವೇ ಹಾಕಿದ ನಿಯಮ. "ನಾನೇ ಕಣ್ರೀ ಮಣ್ಣು ತುಂಬಿದ್ದು" ಎಂದರು. ಆ ಕಂದಕದ ಜಾಗ ನನಗೂ ನೆನಪಾಯಿತು. ನಾನು ಚಾ ತರಲು ಹೋದೆ.

ಮಳೆಯ ಮೇಲೆ ಹಾಕಿ ಬಿಡುವಾ ಎಂದರು ಅಧ್ಯಕ್ಷರು. "ಸರ್ವರ್ ಡೌನ್ ಅಂತ ಹೇಳಿದರೆ ಸಾಕು ಮಿಸ್. ಯಾರು ಕೇಳ್ತಾರೆ? ಸತ್ಯ ಹೇಳಿದರೆ ನಾಳೆಯಿಂದ ನಮ್ಮ ಮೆಸೇಜನ್ನೇ ಯಾರೂ ನಂಬುವುದಿಲ್ಲ." ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೆಸೇಜಿನ ಮೇಲೆ ನಂಬಿಕೆ ಹೋದರೆ ಜನ ಮತ್ತೆ ಮೊದಲಿನ ಹಾಗೆ ಕತ್ತಲಲ್ಲಿ ಕಿವಿಗೊಟ್ಟುಕೊಂಡು ನಡೆಯಬೇಕು. ಇಷ್ಟು ದಿನದ್ದೆಲ್ಲ ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗೆ. ಮಿಸ್ಸು, "ಸುಳ್ಳು ಹೇಳಿ ನಂಬಿಸ್ಬೇಕಾದ್ರೆ ನನ್ನ ಬಿಟ್ಟುಬಿಡಿ ಸರ್, ನಂಗೆ ಮೊದ್ಲೇ ಉಸಿರಿಲ್ಲ" ಎಂದರು.

ಗಂಬೂಟು ಹಾಕಿಕೊಂಡು ಲೈನಿನಿಂದ ಲೈನಿಗೆ ಹೋದರು. ನಾನೂ ಜೀಪಿನಲ್ಲಿ ಜೊತೆಗೆ. ಪ್ರತಿ ಕಡೆಯೂ ಒಂದೇ ಮಾತು: ಬಾಗಿಲು ತೆರೆದವಳು ನಾನು, ಮುಚ್ಚಲಿಲ್ಲ, ಹಾಗಾಗಿ ನಿಮಗೆ ಸುದ್ದಿ ಬರಲಿಲ್ಲ. ಕೆಲವರು ಬೈದರು. ಒಬ್ಬ ಮುದುಕ ಬಾಗಿಲನ್ನೇ ಹಾಕಿಕೊಂಡ. ಮಿಸ್ಸು ಪ್ರತಿ ಲೈನಿನಲ್ಲೂ ಒಂದೆರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದರು, ನಾನು ಬೇರೆ ಕಡೆ ನೋಡುತ್ತಿದ್ದೆ. ಕೊನೆಗೆ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅಕ್ಕನ ಹತ್ತಿರ ಹೋದೆವು. ಅವಳು ಎಲ್ಲ ಕೇಳಿ, ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. "ನಂಗೆ ಕಂಪ್ಯೂಟರ್ ಗೊತ್ತಿಲ್ಲ ಮಿಸ್ಸು. ಬರ್ಲಿಲ್ಲಾಂದ್ರೆ ಆನೆ ಇಲ್ಲಾಂತ ತಿಳ್ಕೊಂಡೆ" ಎಂದು ಗೋಡೆಯ ಕಡೆ ತಿರುಗಿದಳು.

ವಾಪಸು ಬರುವಾಗ ಜೀಪಿನಲ್ಲಿ ಮಿಸ್ಸು ಅತ್ತರು. ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕೇಳಿದ್ರಾ ಅವ್ಳು ಹೇಳಿದ್ದು? ನಾವು ಸುಮ್ನಿದ್ರೆ ಆನೆ ಇಲ್ಲ ಅಂತ ಅರ್ಥ. ನಾವು ಕೆಟ್ಟು ಕೂತ್ರೂ ಅದೇ ಅರ್ಥ. ಇದು ನಂಗೆ ಮೊದ್ಲೇ ಹೊಳೀಬೇಕಿತ್ತು" ಎಂದರು.

ಆ ಸರ್ವರನ್ನು ಅವರು ರಿಪೇರಿ ಮಾಡಲಿಲ್ಲ. ಕಳ್ಳ ಒಳಗೆ ಏನೇನು ಬಿಟ್ಟುಹೋಗಿದ್ದಾನೋ ಎಂದು ಅದನ್ನು ಪೂರ್ತಿ ಅಳಿಸಿ, ಬೇರೆ ಕಡೆ ತೆಗೆದಿಟ್ಟಿದ್ದ ಪ್ರತಿಯಿಂದ ಹೊಸದನ್ನು ಎಬ್ಬಿಸಿದರು. ಎಲ್ಲರ ಕೀಲಿ ಬದಲಾಯಿತು. ಹಳೆಯ, ಯಾರಿಗೂ ಬೇಡದ ಹೆಸರುಗಳೆಲ್ಲ ಹೋದವು. ಸುರಂಗದ ವ್ಯವಸ್ಥೆಗೆ ಈ ಸಲ ಮೀಟಿಂಗ್ ಬೇಕಾಗಲಿಲ್ಲ. ಯಾವ ಬಾಗಿಲು ತೆರೆಯಬೇಕಾದರೂ, ಸರ್ವರಿನೊಳಗೆ ಹೋಗುವವರ ಹೆಸರು ಸೇರಿಸಬೇಕಾದರೂ ತೆಗೆಯಬೇಕಾದರೂ ಇಬ್ಬರು ಒಪ್ಪಬೇಕು ಎಂದು ಮಾಡಿದರು. ಆ ಇಬ್ಬರು ನಾನು ಮತ್ತು ಟ್ರ್ಯಾಕರ್. ತಮ್ಮೊಬ್ಬರ ಕೈಯಲ್ಲಿ ಏನೂ ಆಗದ ಹಾಗೆ ಮಾಡಿಕೊಂಡರು. ತೆರೆದ ಬಾಗಿಲಿಗೆಲ್ಲ ಒಂದು ಗಡುವು ಇಟ್ಟರು, ಸಂಜೆಯಾದರೆ ಅದೇ ಮುಚ್ಚಿಕೊಳ್ಳುತ್ತದೆ.

ಮತ್ತೆ, ದಿನಾ ಮುಂಜಾನೆಯ ಮೆಸೇಜು. ಆನೆ ಇದ್ದರೆ ಎಲ್ಲಿದೆ ಎಂದು. ಇಲ್ಲದಿದ್ದರೆ, "ಇವತ್ತು ನಿಮ್ಮ ಕಡೆ ಆನೆ ಇಲ್ಲ." ಎರಡೂ ಬರದಿದ್ದರೆ ನಮ್ಮ ಯಂತ್ರ ಕೆಟ್ಟಿದೆ, ಹೊರಗೆ ಹೋಗಬೇಡಿ. ಲೈನಿನಲ್ಲಿ ಮೊದಮೊದಲು ತಮಾಷೆ ಮಾಡಿದರು. ಇಲ್ಲದ ಆನೆಗೂ ಮೆಸೇಜಾ ಎಂದರು. ಪಿಕ್ಕಿಂಗ್ ಶುರುವಾಗುವ ಹೊತ್ತಿಗೆ ಅದು ಬರದೆ ಯಾರೂ ಕಾಫಿ ಕೊಯ್ಯುವ ಚೀಲ ಎತ್ತದಂತಾಯಿತು. ಒಂದು ದಿನ ಸ್ವಲ್ಪ ತಡವಾದದ್ದಕ್ಕೆ ನನಗೆ ಬಂದ ಫೋನುಗಳನ್ನು ನೋಡಿ ಅಧ್ಯಕ್ಷರು, "ಇವರು ನಂಬದೆ ಇಲ್ಲ ಮಾರಾಯ" ಎಂದರು. ಕಾಲು ಕೂಡಿದ ಮೇಲೆ ಆ ಅಕ್ಕ ಒಂದು ಸಂಜೆ ಕುಂಟುತ್ತ ಮಿಸ್ಸಿನ ಮನೆಗೆ ಹೋಗಿ ಒಂದು ಚೀಲ ಕಿತ್ತಳೆ ಹಣ್ಣು ಇಟ್ಟು ಬಂದಳಂತೆ. ಏನು ಮಾತಾಡಿದರೋ ತಿಳಿಯದು.

ಉಳಿದ ಕಾಲವನ್ನು ಮಿಸ್ಸು ನನಗೆ ಕಲಿಸುವುದರಲ್ಲಿ ಕಳೆದರು. ಅವರಿಗೂ ದಣಿವು, ನನಗೂ ದಣಿವು. ನಾನು ಹಾಜರಿ ಮುಗಿಸಿ ಬಂದು ಪರದೆಯ ಮುಂದೆ ತೂಕಡಿಸುತ್ತಿದ್ದೆ. ಅವರು ಆಕ್ಸಿಜನ್ ಯಂತ್ರ ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದರು. ಒಳಗಿನಿಂದ ಒಳಗಿಗೂ ಯಾವ ದಾರಿ ಬೇಕೋ ಅಷ್ಟೇ ಬಿಡಿ. ತಟ್ಟಿದವರ ಲೆಕ್ಕ ದಿನಾ ನೋಡಿ, ನೋಡದ ಲೆಕ್ಕ ಇದ್ದೂ ಇಲ್ಲ. ಒಂದು ಪ್ರತಿ ಬೇರೆ ಕಡೆ ಇಡಿ, ಅದರಿಂದ ಎಬ್ಬಿಸಿ ನೋಡಿ. ಯಾಕೆ ನನಗೇ ಇಷ್ಟು ಕಷ್ಟ ಕೊಡುತ್ತೀರಿ, ಓದಿದ ಹುಡುಗರು ಎಷ್ಟಿಲ್ಲ ಎಂದು ಒಮ್ಮೆ ರೇಗಿದೆ.

"ನೀವು ಗೊಣಗ್ತೀರ. ಗೊಣಗೋರು ಚಿಲಕ ಎರಡು ಸಲ ನೋಡ್ತಾರೆ" ಎಂದರು.

ಅದೇ ದಿನ ಇನ್ನೊಂದು ಮಾತು ಹೇಳಿದರು. ಕೆಲಸ ಬಿಟ್ಟವರ ಕೀಲಿಯನ್ನು ಅದೇ ದಿನ ತೆಗೆಯಬೇಕು, ಯಾರೂ ಬಳಸದ ಹೆಸರೇ ಕಳ್ಳರಿಗೆ ಇಷ್ಟ ಎಂಬ ಪಾಠ ಅದು. ಪಾಠದ ಕೊನೆಗೆ ಕೊರಳ ದಾರ ಮುಟ್ಟಿಕೊಂಡು, "ನಂದೂ ಅಷ್ಟೆ. ಹೋದ ದಿನ ಮೊದ್ಲು ನನ್ನ ಹೆಸ್ರು ತೆಗೀರಿ. ಆಮೇಲೆ ಊರಿಗೆ ಬನ್ನಿ, ಅಳೋದಿದ್ರೆ ಅಳಿ" ಎಂದರು. ಬಿಡ್ತು ಅನ್ನಿ ಎಂದೆ. ಹೂಂ ಅನ್ನಿ ಎಂದರು. ಹೂಂ ಎಂದೆ.

ಕಾಫಿ ಹೂವಿಗೆ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಸುದ್ದಿ ಬಂತು. ಕೊನೆಯ ದಿನಗಳಲ್ಲಿ ಅವರನ್ನು ಶಿರಂಗಾಲಕ್ಕೆ, ಅಣ್ಣಂದಿರ ಮನೆಗೆ ಕರೆದೊಯ್ದಿದ್ದರು. ಅಧ್ಯಕ್ಷರು ಜೀಪು ತಂದು ಗೋಡೌನಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರು. ನಾನು ಕಂಪ್ಯೂಟರ್ ಹಾಕಿದೆ. ಹೆಸರುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಅವರ ಹೆಸರು. ಅದನ್ನು ಒತ್ತಿದಾಗ, ಖಚಿತವೇ ಎಂದು ಕೇಳಿತು. ಯಾರನ್ನಾದರೂ ತೆಗೆಯುವಾಗ ಅದು ಕೇಳುವ ಮಾತೇ ಅದು. ಹೊರಗೆ ಇನ್ನೊಮ್ಮೆ ಹಾರ್ನ್. ಹೌದು ಎಂದು ಒತ್ತಿದೆ. ಇನ್ನೊಬ್ಬರ ಒಪ್ಪಿಗೆ ಬೇಕು ಎಂದಿತು.

ಟ್ರ್ಯಾಕರಿಗೆ ಫೋನ್ ಮಾಡಿದೆ. ಅವನು ಹಿಂಡಿನ ಹಿಂದೆ, ಗುಡ್ಡದ ಬಂಡೆಯ ಹತ್ತಿರ ಇದ್ದ, ಪಿಸುದನಿಯಲ್ಲಿ ಮಾತಾಡಿದ. ಅವನಿಗೂ ಸುದ್ದಿ ಸಿಕ್ಕಿತ್ತು.

"ಸಂಜೆ ಮಾಡ್ಬಹುದಲ್ಲ ರೈಟ್ರೇ" ಎಂದ. "ಇನ್ನೂ ಮಣ್ಣೂ ಆಗ್ಲಿಲ್ಲ."

"ಮಿಸ್ಸು ಬೈತಾರೆ" ಎಂದೆ.

ಅವನು ಫೋನ್ ಇಟ್ಟ. ಆಮೇಲೆ ಪರದೆಯ ಮೇಲಿನ ಸಾಲಿನಿಂದ ಆ ಹೆಸರು ಹೋಯಿತು. ನನ್ನ ಹೆಸರು ಮೇಲೆ ಬಂತು. ನಾನು ಕಂಪ್ಯೂಟರ್ ಮುಚ್ಚಿ, ಚಿಲಕ ಹಾಕಿ, ಎರಡನೆಯ ಸಲ ಎಳೆದು ನೋಡಿ ಜೀಪು ಹತ್ತಿದೆ.

ಶಿರಂಗಾಲದಲ್ಲಿ ಮಿಸ್ಸನ್ನು ಅಂಗಳದಲ್ಲಿ ಮಲಗಿಸಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆಯೇ ಉಡಿಸಿದ್ದರು. ಬರಿಗಾಲಿನ ಮಿಸ್ಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತಂಗಿ ಒಳಗಿನಿಂದ ಬಂದು, ಕಪ್ಪು ದಾರವನ್ನು ನನ್ನ ಮುಂದೆ ಹಿಡಿದರು. "ಇದು ನಿಮಗೆ ಬೇಕಾಗ್ತದಲ್ವಾ?"

ಬೇಡ, ಅದು ಈಗ ಏನನ್ನೂ ತೆರೆಯುವುದಿಲ್ಲ, ಬೆಳಿಗ್ಗೆಯೇ ತೆಗೆದೆವು ಎಂದೆ. ಹೇಳುತ್ತಿದ್ದಂತೆ ನನಗೇ ಅಸಹ್ಯವಾಯಿತು. ತಂಗಿ ನನ್ನ ಮುಖ ನೋಡಿದರು. "ಬೆಳಿಗ್ಗೆಯೇನಾ" ಎಂದರು. ಆಮೇಲೆ, "ಅಕ್ಕ ಹೇಳಿದ್ಲು. ರೈಟ್ರು ಮೊದ್ಲು ಅದನ್ನ ಮಾಡೇ ಬರೋದು, ತಡ ಆದ್ರೆ ಬೇಜಾರ್ ಮಾಡ್ಕೋಬೇಡ ಅಂತ" ಎಂದು ದಾರವನ್ನು ಮಿಸ್ಸಿನ ಕೈಯೊಳಗೇ ಇಟ್ಟರು. ನಾನು ಶುಂಠಿ ಹೊಲದ ಬದುವಿನ ಮೇಲೆ ಹೋಗಿ ಕೂತು ಅತ್ತೆ.

ಈಗಲೂ ತಟ್ಟುವವರು ತಟ್ಟುತ್ತಲೇ ಇದ್ದಾರೆ. ದಿನಾ ಸಂಜೆ ಹಾಜರಿ ಮುಗಿಸಿ ಬಂದು ಆ ಲೆಕ್ಕ ನೋಡುತ್ತೇನೆ. ಕಣ್ಣು ಮುಚ್ಚಿಕೊಂಡು ಹೋಗುತ್ತದೆ, ಆದರೂ ನೋಡುತ್ತೇನೆ. ನಮ್ಮ ಕಂದಕದ ಮಣ್ಣನ್ನೂ ಕೊನೆಗೊಮ್ಮೆ ತೆಗೆಸಿದೆ. ಲೈನಿನವರು ಬಸ್ಸಿಗೆ ಸುತ್ತಿಕೊಂಡು ಹೋಗುತ್ತ ನನ್ನನ್ನು ಬೈಯುತ್ತಾರೆ.

ಮೊನ್ನೆ ಮಿಸ್ಸಿನ ತಂಗಿ ಅಮ್ಮತ್ತಿ ಸಂತೆಯಲ್ಲಿ ಸಿಕ್ಕರು. ಅಕ್ಕನ ಫೋನನ್ನು ಇನ್ನೂ ಚಾರ್ಜ್ ಮಾಡಿ ಇಟ್ಟಿದ್ದಾರಂತೆ. ದಿನಾ ಮುಂಜಾನೆ ಅದು ಒಮ್ಮೆ ಸದ್ದು ಮಾಡುತ್ತದೆ, ತೆಗೆದು ನೋಡಿದರೆ ನಮ್ಮ ಮೆಸೇಜು, ಅದು ನೋಡಿದ ಮೇಲೆ ಶಾಲೆಗೆ ಹೊರಡುತ್ತೇನೆ ಎಂದರು. ಸುದ್ದಿ ಹೋಗುವವರ ಸಾಲಿನಲ್ಲಿ ಮಿಸ್ಸಿನ ನಂಬರ್ ಹಾಗೇ ಇದೆ. ಅದನ್ನು ತೆಗೆಯುವ ಅನುಮತಿ ನನಗೆ ಮೊದಲಿನಿಂದಲೂ ಇದೆ, ಯಾರ ಒಪ್ಪಿಗೆಯೂ ಬೇಡ. ಅದನ್ನು ತೆಗೆ ಎಂದು ಅವರು ಹೇಳಿರಲಿಲ್ಲ.